ಚಂದಾ ಎತ್ತಲು ಹುಟ್ಟಿದ ನಂಬರ್ ಒನ್ ಹಾಡುಗಳು

ಬ್ರಿಟನ್ನಿನಲ್ಲಿ ದೊಡ್ಡ ದುರಂತ ಏನಾದರೂ ನಡೆದರೆ ಅದರ ಹಿಂದೆಯೇ ಒಂದು ಹಾಡು ಬರುತ್ತದೆ. ಇಪ್ಪತ್ತೋ ಮೂವತ್ತೋ ಗಾಯಕರು ಒಂದು ಸ್ಟುಡಿಯೋದಲ್ಲಿ ಸೇರಿ, ಒಬ್ಬೊಬ್ಬರು ಒಂದೊಂದು ಸಾಲು ಹಂಚಿಕೊಂಡು ಹಾಡುತ್ತಾರೆ. ಹೆಡ್‌ಫೋನ್ ಒತ್ತಿ ಹಿಡಿದು, ಕಣ್ಣು ಮುಚ್ಚಿ ಹಾಡುವ ವಿಡಿಯೋ ಬರುತ್ತದೆ. ಹಾಡು ಸೀದಾ ವಾರದ ಮಾರಾಟದ ಪಟ್ಟಿಯಲ್ಲಿ ನಂಬರ್ ಒನ್. ದುಡ್ಡು ಪರಿಹಾರ ನಿಧಿಗೆ.

ಇವುಗಳಲ್ಲಿ ಹೆಚ್ಚಿನವು ಹಾಡಾಗಿ ತೀರಾ ಸಾಧಾರಣ ಅಂತ ನನ್ನ ಅಭಿಪ್ರಾಯ. ಆದರೂ ಅವುಗಳ ಹಿಂದಿನ ಕತೆಗಳಿವೆಯಲ್ಲ, ಅವನ್ನು ಹುಡುಕಿ ಓದುವ ಚಟ ನನಗಿದೆ. ಯಾರ ಸಲುವಾಗಿ ಹಾಡು, ಹಾಡುತ್ತಿರುವವರು ಯಾರು, ದುಡ್ಡು ಹೋದದ್ದು ಎಲ್ಲಿಗೆ? ಈ ಮೂರನ್ನು ಕೇಳಿಕೊಂಡರೆ ಎಲ್ಲ ನಂಬರ್ ಒನ್‌ಗಳೂ ಒಂದೇ ಥರ ಕಾಣುವುದಿಲ್ಲ.

ಎಲ್ಲರಿಗೂ ಗೊತ್ತಿರುವುದು 1984ರಲ್ಲಿ ಬ್ಯಾಂಡ್ ಏಡ್ ಅನ್ನುವ ಗಾಯಕರ ಕೂಟ ಹಾಡಿದ 'ಡೂ ದೇ ನೋ ಇಟ್ಸ್ ಕ್ರಿಸ್‌ಮಸ್?'. ಅಕ್ಟೋಬರ್ 23ರಂದು ಬಿಬಿಸಿಯಲ್ಲಿ ಮೈಕೆಲ್ ಬರ್ಕ್ ಅವರ ವರದಿ ಬಂತು. ಇಥಿಯೋಪಿಯಾದ ಕೋರೆಂನಲ್ಲಿ ಹಸಿವಿನಿಂದ ಸಾಯುತ್ತಿದ್ದ ಜನ ಟೀವಿಯಲ್ಲಿ ಕಂಡರು. ಐರಿಷ್ ಗಾಯಕ ಬಾಬ್ ಗೆಲ್ಡಾಫ್ ಅದನ್ನು ನೋಡಿ ಇನ್ನೊಬ್ಬ ಗಾಯಕ ಮಿಡ್ಜ್ ಯೂರ್ ಜೊತೆ ಸೇರಿ ಹಾಡು ಬರೆದರು. ನವೆಂಬರ್ 25ರಂದು ಲಂಡನ್ನಿನ ನಾಟಿಂಗ್ ಹಿಲ್‌ನ ಸಾರ್ಮ್ ಸ್ಟುಡಿಯೋದಲ್ಲಿ ರೆಕಾರ್ಡಿಂಗ್. ಸ್ಟಿಂಗ್, ಬೋನೊ, ಡ್ರಮ್ಸ್‌ಗೆ ಫಿಲ್ ಕಾಲಿನ್ಸ್. ನ್ಯೂಯಾರ್ಕಿನಲ್ಲಿದ್ದ ಬಾಯ್ ಜಾರ್ಜ್ ಕಾಂಕಾರ್ಡ್ ಅನ್ನುವ ಅತಿವೇಗದ ದುಬಾರಿ ವಿಮಾನ ಹತ್ತಿ ಸಂಜೆ ಹೊತ್ತಿಗೆ ಬಂದು ತಮ್ಮ ಸಾಲು ಹಾಡಿದರು. (ಬರಗಾಲಕ್ಕೆ ಹಾಡಲು ಕಾಂಕಾರ್ಡ್‌ನಲ್ಲಿ ಬರುವುದು! ಎಂಬತ್ತರ ದಶಕ ಅಂದರೆ ಹಾಗೇ.)

ಮೊದಲ ವಾರದಲ್ಲೇ ಹತ್ತು ಲಕ್ಷ ಪ್ರತಿ ಮಾರಾಟ. ಐದು ವಾರ ಮೊದಲ ಸ್ಥಾನ. ಆ ಕ್ರಿಸ್‌ಮಸ್‌ಗೆ ಎರಡನೇ ಸ್ಥಾನದಲ್ಲಿ ನಿಂತದ್ದು ವ್ಯಾಮ್ ತಂಡದ 'ಲಾಸ್ಟ್ ಕ್ರಿಸ್‌ಮಸ್'. ಅದನ್ನು ಬರೆದು ಹಾಡಿದ ಜಾರ್ಜ್ ಮೈಕೆಲ್ ಬ್ಯಾಂಡ್ ಏಡ್‌ನಲ್ಲೂ ಇದ್ದರು. ತನ್ನ ಹಾಡಿಗೆ ತಾನೇ ಅಡ್ಡ ನಿಂತ ಹಾಗಾಯಿತು. ಆಮೇಲೆ ಆ ಹಾಡಿನ ರಾಯಲ್ಟಿಯನ್ನೂ ಇಥಿಯೋಪಿಯಾಕ್ಕೇ ಕೊಟ್ಟರು. ಅದು ನಂಬರ್ ಒನ್ ಆದದ್ದು 2021ರ ಜನವರಿಯಲ್ಲಿ. ಅಷ್ಟೊತ್ತಿಗೆ ಅವರು ತೀರಿಕೊಂಡು ನಾಲ್ಕು ವರ್ಷವಾಗಿತ್ತು.

ಇಷ್ಟು ಸುಲಭವಾಗಿ ನಂಬರ್ ಒನ್ ಆಗುವುದು ಹೇಗೆ? ಆಗಿನ ಚಾರ್ಟ್ ಅಂದರೆ ಆ ವಾರದ ಮಾರಾಟದ ಲೆಕ್ಕ, ಅಷ್ಟೇ. ಹಾಡು ಇಷ್ಟವಾಗಿ ಕೊಂಡರೋ ಮರುಕದಿಂದ ಕೊಂಡರೋ ಅಂತ ಯಾರೂ ಕೇಳುವುದಿಲ್ಲ. ದಾನ ಮಾಡಿದ್ದಕ್ಕೆ ರಸೀದಿ ಸಿಕ್ಕಿದ ಹಾಗೆ ಕೈಗೊಂದು ರೆಕಾರ್ಡ್ ಸಿಗುತ್ತಿತ್ತು. ಅದರ ಮೇಲೆ ಥ್ಯಾಚರ್ ಸರ್ಕಾರ ವ್ಯಾಟ್ ತೆರಿಗೆ ಬಿಡುವುದಿಲ್ಲ ಅಂತ ಕೂತಿತು. ಗಲಾಟೆಯಾದ ಮೇಲೆ ಅಷ್ಟೇ ಮೊತ್ತವನ್ನು ವಾಪಸ್ ಪರಿಹಾರಕ್ಕೆ ಕೊಟ್ಟಿತು.

ಆದರೆ ಹಾಡಿನ ಮಾತುಗಳು? ಅವರಿಗೆ ಕ್ರಿಸ್‌ಮಸ್ ಬಂದದ್ದು ಗೊತ್ತಾ ಅಂತ ಕೇಳುತ್ತದೆ ಆ ಹಾಡು. ಕೇಳುತ್ತಿರುವುದು ಇಥಿಯೋಪಿಯಾದ ಬಗ್ಗೆ! ಅಲ್ಲಿ ನಾಲ್ಕನೇ ಶತಮಾನದಿಂದ ಕ್ರೈಸ್ತ ಧರ್ಮ ಇದೆ, ಇಂಗ್ಲೆಂಡಿನ ರಾಜರು ಮತಾಂತರವಾಗುವುದಕ್ಕೂ ಮೊದಲು. ಅವರ ಕ್ರಿಸ್‌ಮಸ್ ಜನವರಿ 7ಕ್ಕೆ. 2014ರಲ್ಲಿ ಎಬೋಲಾಕ್ಕಾಗಿ ಅದೇ ಹಾಡನ್ನು ಮತ್ತೆ ಹಾಡುವಾಗ, ಘಾನಾ ಮೂಲದ ಗಾಯಕ ಫ್ಯೂಸ್ ಒಡಿಜಿ ತಾನು ಬರುವುದಿಲ್ಲ ಅಂದರು. ಆಫ್ರಿಕಾವನ್ನು ಬರೀ ರೋಗ, ಸಾವು, ದೈನ್ಯದ ಜಾಗವಾಗಿ ತೋರಿಸುತ್ತೀರಿ ಅನ್ನುವುದು ಅವರ ತಕರಾರು. ಆ ಸಲ ಹಾಡಿದ್ದ ಎಡ್ ಶೀರನ್, 2024ರಲ್ಲಿ ನಲವತ್ತು ವರ್ಷದ ನೆನಪಿಗೆ ಹೊಸ ಮಿಕ್ಸ್ ಬಂದಾಗ, ಕೇಳಿದ್ದರೆ ನನ್ನ ದನಿ ಬಳಸಬೇಡಿ ಅನ್ನುತ್ತಿದ್ದೆ ಎಂದರು. ಈ ಹಾಡಿನಿಂದ ಲಕ್ಷಗಟ್ಟಲೆ ಜೀವ ಉಳಿದಿದೆ ಅನ್ನುವುದು ಗೆಲ್ಡಾಫ್ ಉತ್ತರ. ಇಬ್ಬರ ಮಾತೂ ಸುಳ್ಳಲ್ಲ. ಆದರೂ ನಾನು ಫ್ಯೂಸ್ ಒಡಿಜಿ ಕಡೆಗೇ. ಅನ್ನ ಹಾಕಿದವರು ಅಂತ ಹಸಿದವನ ಬಗ್ಗೆ ಏನು ಬೇಕಾದರೂ ಹಾಡಬಹುದಾ?

ಅದೇ ರಾಗ 2022ರಲ್ಲಿ ಬೇರೆ ಮಾತುಗಳೊಂದಿಗೆ ಕ್ರಿಸ್‌ಮಸ್ ನಂಬರ್ ಒನ್ ಆಯಿತು, ಈ ಸಲ ಬ್ರಿಟನ್ನಿನ ಹಸಿದವರಿಗಾಗಿ! ಲ್ಯಾಡ್‌ಬೇಬಿ ಅನ್ನುವ ಯೂಟ್ಯೂಬ್ ದಂಪತಿ 2018ರಿಂದ ಸಾಸೇಜ್ ರೋಲ್ ಬಗ್ಗೆ ತಮಾಷೆ ಹಾಡು ಮಾಡಿ ಬಡವರಿಗೆ ಪುಕ್ಕಟೆ ದಿನಸಿ ಕೊಡುವ ಟ್ರಸೆಲ್ ಟ್ರಸ್ಟ್‌ನ ಫುಡ್ ಬ್ಯಾಂಕ್‌ಗಳಿಗೆ ದುಡ್ಡು ಎತ್ತುತ್ತಿದ್ದರು. ಸತತ ಐದು ಕ್ರಿಸ್‌ಮಸ್ ನಂಬರ್ ಒನ್, ಬೀಟಲ್ಸ್‌ಗೂ ಇದ್ದದ್ದು ನಾಲ್ಕೇ. ಹಾಡು ಕೇಳಲಾಗುವುದಿಲ್ಲ, ಸುಮ್ನೆ ಹೇಳುತ್ತಿಲ್ಲ. ಆದರೆ ಇಷ್ಟು ಶ್ರೀಮಂತ ದೇಶ ಐದು ಕ್ರಿಸ್‌ಮಸ್‌ಗೂ ತನ್ನ ಜನರ ಊಟಕ್ಕೆ ಹಾಡು ಮಾರಬೇಕಾಯಿತಲ್ಲ, ಅದು ಹಾಡಿಗಿಂತ ಜಾಸ್ತಿ ಚುಚ್ಚುತ್ತದೆ.

ನನಗೆ ನಿಜವಾಗಿ ಕುತೂಹಲ ಹುಟ್ಟಿಸುವುದು ಬ್ರಿಟನ್ನಿನದೇ ದುರಂತಗಳ ಹಾಡುಗಳು.

1987ರ ಮಾರ್ಚ್ 6. ಬೆಲ್ಜಿಯಂನ ಝೀಬ್ರುಗ್ ಬಂದರಿನಿಂದ ಹೊರಟ ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್ ಅನ್ನುವ ಫೆರ್ರಿ ಹಡಗು ಮಗುಚಿತು. ಮುಂದಿನ ಬಾಗಿಲು ಮುಚ್ಚದೆಯೇ ಹೊರಟಿದ್ದರು. 193 ಜನ ಸತ್ತರು. ಅದರಲ್ಲಿ ಬಹಳ ಮಂದಿ 'ದಿ ಸನ್' ಪತ್ರಿಕೆಯ ಒಂದು ಪೌಂಡ್ ಪ್ರವಾಸದ ಕೊಡುಗೆಯಲ್ಲಿ ಹೋಗಿದ್ದವರು. ಅದೇ ಪತ್ರಿಕೆ ಮುಂದೆ ನಿಂತು ಫೆರ್ರಿ ಏಡ್ ಅನ್ನುವ ಹೆಸರಿನಲ್ಲಿ ಬೀಟಲ್ಸ್‌ನ 'ಲೆಟ್ ಇಟ್ ಬಿ' ಹಾಡಿಸಿತು. ಕೇಟ್ ಬುಷ್, ಮಾರ್ಕ್ ನಾಪ್‌ಫ್ಲರ್, ಬಾಯ್ ಜಾರ್ಜ್ ಎಲ್ಲ ಇದ್ದರು. ಮೂರು ವಾರ ನಂಬರ್ ಒನ್.

ಎರಡು ವರ್ಷ ಬಿಟ್ಟು, 1989ರ ಏಪ್ರಿಲ್ 15ರಂದು, ಶೆಫೀಲ್ಡ್‌ನ ಹಿಲ್ಸ್‌ಬರೋ ಮೈದಾನದಲ್ಲಿ ನೂಕುನುಗ್ಗಲಿಗೆ ಸಿಕ್ಕಿ ಲಿವರ್‌ಪೂಲ್ ಅಭಿಮಾನಿಗಳು ಸತ್ತರು. ಆಮೇಲೆ ತೀರಿಕೊಂಡವರನ್ನೂ ಸೇರಿಸಿ 97 ಮಂದಿ. ನಾಲ್ಕೇ ದಿನಕ್ಕೆ 'ದಿ ಸನ್' ಮುಖಪುಟದಲ್ಲಿ 'ಸತ್ಯ' ಅಂತ ದೊಡ್ಡ ತಲೆಬರಹ ಹಾಕಿ, ಅಭಿಮಾನಿಗಳೇ ಸತ್ತವರ ಜೇಬು ಕತ್ತರಿಸಿದರು ಅಂತ ಅಪ್ಪಟ ಸುಳ್ಳು ಬರೆಯಿತು. ಲಿವರ್‌ಪೂಲ್‌ನಲ್ಲಿ ಇವತ್ತಿಗೂ ಎಷ್ಟೋ ಅಂಗಡಿಗಳು ಆ ಪತ್ರಿಕೆ ಮಾರುವುದಿಲ್ಲ. ದುರಂತಕ್ಕೆ ಹಾಡು ಮಾಡಿಸಿದವರೇ ಮುಂದಿನ ದುರಂತದಲ್ಲಿ ಹೀಗೆ. ದಾನಕ್ಕೂ ಮನುಷ್ಯತ್ವಕ್ಕೂ ನಂಟು ಇರಲೇಬೇಕು ಅಂತೇನಿಲ್ಲ, ಅಲ್ವಾ?

ಲಿವರ್‌ಪೂಲ್ ಊರು ತನ್ನ ಹಾಡನ್ನು ತಾನೇ ಹಾಡಿಕೊಂಡಿತು. 'ಫೆರ್ರಿ ಕ್ರಾಸ್ ದ ಮರ್ಸಿ', ಅದೇ ಊರಿನ ಪಾಲ್ ಮೆಕಾರ್ಟ್ನಿ, ಹಾಲಿ ಜಾನ್ಸನ್, ದಿ ಕ್ರಿಶ್ಚಿಯನ್ಸ್, ಜೊತೆಗೆ ಆ ಹಾಡನ್ನು ಬರೆದ ಗೆರ್ರಿ ಮಾರ್ಸ್‌ಡನ್. ಮೂರು ವಾರ ನಂಬರ್ ಒನ್. ಈ ಮಾರ್ಸ್‌ಡನ್ 1985ರಲ್ಲಿ ಬ್ರಾಡ್‌ಫರ್ಡ್ ಕ್ರೀಡಾಂಗಣಕ್ಕೆ ಬೆಂಕಿ ಬಿದ್ದು 56 ಜನ ಸತ್ತಾಗಲೂ ಹತ್ತಾರು ಮಂದಿಯನ್ನು ಕೂಡಿಸಿ 'ಯೂ ವಿಲ್ ನೆವರ್ ವಾಕ್ ಅಲೋನ್' ಹಾಡಿದ್ದರು. ಅದೂ ನಂಬರ್ ಒನ್. 1963ರಲ್ಲಿ ಅದೇ ಹಾಡನ್ನು ತಮ್ಮ ತಂಡದೊಂದಿಗೆ ಮೊದಲ ಸ್ಥಾನಕ್ಕೆ ಏರಿಸಿದವರೂ ಅವರೇ.

1996ರ ಡನ್‌ಬ್ಲೇನ್ ಹಾಡಿನಲ್ಲಿ ದೊಡ್ಡ ಹೆಸರುಗಳೇ ಇಲ್ಲ, ಗಿಟಾರ್ ನುಡಿಸಿದ ನಾಪ್‌ಫ್ಲರ್ ಒಬ್ಬರನ್ನು ಬಿಟ್ಟರೆ. ಸ್ಕಾಟ್ಲೆಂಡಿನ ಆ ಪುಟ್ಟ ಊರಿನ ಶಾಲೆಗೆ ಬಂದೂಕುಧಾರಿಯೊಬ್ಬ ನುಗ್ಗಿ 16 ಮಕ್ಕಳನ್ನೂ ಒಬ್ಬ ಶಿಕ್ಷಕಿಯನ್ನೂ ಕೊಂದಿದ್ದ. ಆ ಊರಿನ ಟೆಡ್ ಕ್ರಿಸ್ಟೋಫರ್ ಬಾಬ್ ಡಿಲನ್ ಹಾಡಿಗೆ ಒಂದು ಚರಣ ಸೇರಿಸಿದರು, ಡಿಲನ್ ಒಪ್ಪಿದರು, ಊರಿನ ಮಕ್ಕಳು ಕೋರಸ್ ಹಾಡಿದರು. ಕೇಳಿದ್ದು ಕನಿಕರ ಅಲ್ಲ, ಬಂದೂಕು ಬೇಡ ಅಂತ. 1997ರ ಎರಡು ಕಾನೂನುಗಳಿಂದ ಅಲ್ಲಿ ಖಾಸಗಿಯವರು ಕೈಬಂದೂಕು ಇಟ್ಟುಕೊಳ್ಳುವುದು ಹೆಚ್ಚುಕಡಿಮೆ ನಿಂತೇ ಹೋಯಿತು. ಹಾಡಿನಿಂದಲೇ ಆಯಿತು ಅನ್ನಲಾರೆ, ಸ್ನೋಡ್ರಾಪ್ ಚಳವಳಿಯವರು ಲಕ್ಷಗಟ್ಟಲೆ ಸಹಿ ಸಂಗ್ರಹಿಸಿದ್ದರು. ಆದರೆ ಹಾಡೂ ಆ ಹೋರಾಟದ ಒಳಗೇ ಇತ್ತು.

ಇದರ ಪಕ್ಕದಲ್ಲಿ 2010ರ ಹೈಟಿ ಭೂಕಂಪಕ್ಕೆ ಟೀವಿ ಹಾಡಿನ ಸ್ಪರ್ಧೆಗಳ ನಿರ್ಮಾಪಕ ಸೈಮನ್ ಕೊವೆಲ್ ಮಾಡಿಸಿದ ಹಾಡು ಇಟ್ಟು ನೋಡಿ. ಎಲ್ಲ ದೊಡ್ಡ ಹೆಸರುಗಳು, ನಂಬರ್ ಒನ್, ದುಡ್ಡೂ ಚೆನ್ನಾಗಿಯೇ ಬಂತು. ಅದರ ಒಂದು ಸಾಲೂ ನನಗೆ ನೆನಪಿಲ್ಲ. 2017ರಲ್ಲಿ ಲಂಡನ್ನಿನ ಗ್ರೆನ್‌ಫೆಲ್ ಟವರ್ ಅನ್ನುವ ವಸತಿ ಕಟ್ಟಡಕ್ಕೆ ಬಿದ್ದ ಬೆಂಕಿಯ ಹಾಡೂ ಕೊವೆಲ್ ಅವರದೇ. ಬೆಂಕಿ ಬಿದ್ದ ಮರುವಾರ ಬುಧವಾರ ಬಿಡುಗಡೆ, ಶುಕ್ರವಾರದ ಚಾರ್ಟ್‌ನಲ್ಲಿ ಮೊದಲು. 72 ಸಾವು ಹೇಗಾಯಿತು ಅಂತ ವಿಚಾರಣೆಯ ಅಂತಿಮ ವರದಿ ಬರಲು 2024ರ ಸೆಪ್ಟೆಂಬರ್ ಆಗಬೇಕಾಯಿತು.

ಹೀಗಾಗಿ ಇಷ್ಟರಲ್ಲಿ ಒಂದನ್ನೇ ಆರಿಸಿ ಅಂದರೆ ನಾನು 2012ರ ಜಸ್ಟೀಸ್ ಕಲೆಕ್ಟಿವ್ ಅನ್ನುವ ಕೂಟದ ಹಾಡು ಅನ್ನುತ್ತೇನೆ. ಆ ಸೆಪ್ಟೆಂಬರಿನಲ್ಲಿ ಸ್ವತಂತ್ರ ಸಮಿತಿಯೊಂದು ಹಿಲ್ಸ್‌ಬರೋದಲ್ಲಿ ತಪ್ಪು ಅಭಿಮಾನಿಗಳದ್ದಲ್ಲ, ಪೊಲೀಸರು ದಾಖಲೆ ತಿದ್ದಿದ್ದರು ಅಂತ ಬಯಲು ಮಾಡಿತ್ತು. 'ಹಿ ಏಂಟ್ ಹೆವಿ, ಹಿ ಈಸ್ ಮೈ ಬ್ರದರ್' ಹಾಡಿಗೆ ಮತ್ತೆ ಮೆಕಾರ್ಟ್ನಿ ಬಂದರು, ಮತ್ತೆ ಹಾಲಿ ಜಾನ್ಸನ್, ಮತ್ತೆ ಗೆರ್ರಿ ಮಾರ್ಸ್‌ಡನ್. ಎಕ್ಸ್ ಫ್ಯಾಕ್ಟರ್ ಅನ್ನುವ ಟೀವಿ ಹಾಡಿನ ಸ್ಪರ್ಧೆ ಗೆದ್ದವನ ಹಾಡನ್ನು ಹಿಂದೆ ಹಾಕಿ ಕ್ರಿಸ್‌ಮಸ್ ನಂಬರ್ ಒನ್ ಆಯಿತು. ಆ ದುಡ್ಡು ಹಿಲ್ಸ್‌ಬರೋದಲ್ಲಿ ಸತ್ತವರ ಕುಟುಂಬಗಳ ಕೋರ್ಟ್ ಖರ್ಚಿಗೆ. ಕಂಬಳಿಗಲ್ಲ, ಹಾಲಿನ ಪುಡಿಗಲ್ಲ, ವಕೀಲರ ಫೀಸಿಗೆ! 2016ರಲ್ಲಿ ಹೊಸ ವಿಚಾರಣೆಯ ಜ್ಯೂರಿ ಅವು ಕಾನೂನುಬಾಹಿರ ಕೊಲೆಗಳು ಅಂತ ಹೇಳಿತು. ಅದಾದ ಮೇಲೂ, 2019ರಲ್ಲಿ, ಆ ದಿನ ಪಂದ್ಯದ ಪೊಲೀಸ್ ಉಸ್ತುವಾರಿ ಹೊತ್ತಿದ್ದ ಡೇವಿಡ್ ಡಕನ್‌ಫೀಲ್ಡ್ ಖುಲಾಸೆಯಾದರು.