ಚಿಲ್ಲರೆ ಇಲ್ಲ ಸ್ವಾಮಿ

ಕಳೆದ ಭಾನುವಾರ ದಾವಣಗೆರೆಯಲ್ಲಿ ಬೆಣ್ಣೆ ದೋಸೆ ತಿಂದು, ಕೈ ತೊಳೆದು, ಗಲ್ಲಾದ ಮುಂದೆ ನಿಂತರೆ ಸಾಲು ಕದಲುತ್ತಲೇ ಇಲ್ಲ. ಎಲ್ಲರಿಗಿಂತ ಮುಂದೆ ಒಬ್ಬ ವಿದೇಶಿ ಹುಡುಗ. ಹಂಪಿಗೆ ಹೊರಟವನಿರಬೇಕು, ಬೆನ್ನ ಮೇಲೆ ಮೂಟೆಯಂಥ ಚೀಲ. ಬೆಣ್ಣೆ ಅಂಟಿದ ಬೆರಳುಗಳಲ್ಲಿ ಕಾರ್ಡು ಹಿಡಿದಿದ್ದ. ಯಜಮಾನರು ಅದರತ್ತ ನೋಡದೆ ಕ್ಯೂಆರ್ ಫಲಕ ತೋರಿಸಿದರು. ಅವನು ಖುಷಿಯಿಂದ ಫಲಕದ ಫೋಟೊ ತೆಗೆದುಕೊಂಡ.

ಇಂಥವರಿಗೆಂದೇ 2023ರಲ್ಲಿ ಯುಪಿಐ ಒನ್ ವರ್ಲ್ಡ್ ಬಂದಿದೆ. ಪಾಸ್‌ಪೋರ್ಟ್, ವೀಸಾ ತೋರಿಸಿ ಮೊಬೈಲಿಗೆ ದುಡ್ಡು ತುಂಬಿಸಿಕೊಂಡರಾಯಿತು, ಇಲ್ಲಿಯ ಬ್ಯಾಂಕ್ ಖಾತೆ ಬೇಕಿಲ್ಲ. ಅವನಿಗೆ ಯಾರೂ ಹೇಳಿದಂತಿರಲಿಲ್ಲ. ನಾನಾದರೂ ಹೇಳಬಹುದಿತ್ತು, ಹಿಂದೆ ನಿಂತವರೆಲ್ಲ ಆಗಲೇ ಸಲಹೆಗಾರರಾಗಿದ್ದರು.

ಕೊನೆಗೆ ಅವನು ಐನೂರರ ಗರಿಗರಿ ನೋಟು ತೆಗೆದ. ಅದರ ಹಿಂದೆ ಹದಿನೈದು ಭಾಷೆಗಳ ಪಟ್ಟಿಯಿದೆ, ಕನ್ನಡದ್ದು ನಾಲ್ಕನೆಯ ಸಾಲು. ಚಿಲ್ಲರೆ ಇಲ್ಲ ಎನ್ನುವುದಕ್ಕೆ ಯಾವ ಭಾಷೆಯೂ ಬೇಕಾಗಲಿಲ್ಲ. ಯಜಮಾನರು ತಲೆ ಅಲ್ಲಾಡಿಸಿದರು.

ಹಾಗೆ ತಲೆ ಅಲ್ಲಾಡಿಸಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಒಮ್ಮೆ ಚಿತ್ರದುರ್ಗದಿಂದ ಬರುವಾಗ ಕಂಡಕ್ಟರ್ ಟಿಕೆಟ್ಟಿನ ಹಿಂದೆ 120 ಎಂದು ಗೀಚಿ, ಸುತ್ತ ಒಂದು ಗೆರೆ ಎಳೆದುಕೊಟ್ಟ. ಆಮೇಲೆ ನನಗೆಲ್ಲಿಯ ನಿದ್ದೆ? ಭರಮಸಾಗರದಲ್ಲಿ ಅವನು ಚಹಾಕ್ಕೆ ಇಳಿದಾಗ ನಾನೂ ಇಳಿದೆ, ಅವನು ಹತ್ತಿದಾಗ ಹತ್ತಿದೆ. ಆನಗೋಡು ದಾಟುವಾಗ ಎರಡು ಸಲ ಕೆಮ್ಮಿದೆ. ದಾವಣಗೆರೆ ಬಂತು. ಅವನು ನನ್ನ 120ಕ್ಕೂ ಪಕ್ಕದ ಸೀಟಿನವರ 80ಕ್ಕೂ ಸೇರಿಸಿ ಒಂದೇ ಇನ್ನೂರರ ನೋಟು ಕೊಟ್ಟು, ‘ಇಬ್ಬರೂ ಹಂಚಿಕೊಳ್ಳಿ’ ಎಂದು ಇಳಿದೇ ಹೋದ. ಹೆಸರೂ ಗೊತ್ತಿಲ್ಲದ ಆ ಮನುಷ್ಯರ ಜೊತೆ ಮುಕ್ಕಾಲು ಗಂಟೆ ಸಂಸಾರ ಮಾಡಿದೆ. ನೋಟನ್ನು ಯಾರು ಹಿಡಿದುಕೊಳ್ಳಬೇಕೆಂಬುದರಲ್ಲೇ ಸಣ್ಣ ಮನಸ್ತಾಪ. ಬೀಡಾ ಅಂಗಡಿಯವನು ಇಲ್ಲವೆಂದ, ಹೂವಿನವಳು ಬೋಣಿಯಾಗಿಲ್ಲವೆಂದಳು. ಕೊನೆಗೆ ಬೇಡದ ಬಾಳೆಹಣ್ಣು ಒಂದು ಡಜನ್ ಕೊಂಡು ಬಿಡಿಸಿಕೊಂಡೆವು. ಹಣ್ಣು ಹಂಚುವಾಗ ಅವರು ಏಳು ತೆಗೆದುಕೊಂಡರು. ಇದನ್ನು ನಾನು ಮರೆತಿಲ್ಲ.

ಇತ್ತ ಯಜಮಾನರು ನೋಟನ್ನು ಆ ಹುಡುಗನ ಅಂಗಿಯ ಜೇಬಿಗೇ ತುರುಕಿ, ‘ಹೋಗಲಿ ಬಿಡಪ್ಪ’ ಎಂದು ಕೈ ಮುಗಿದರು. ಅವನೂ ಮುಗಿದ. ಸಾಲಿನಲ್ಲಿದ್ದವರ ಮುಖವೆಲ್ಲ ಅರಳಿತು. ದುಡ್ಡೆಂದರೆ ನಿಜಕ್ಕೂ ಏನು ಎಂಬ ಬಗ್ಗೆ ನನಗೂ ಏನೋ ದೊಡ್ಡದೊಂದು ಹೊಳೆಯುವುದರಲ್ಲಿತ್ತು, ಅಷ್ಟರಲ್ಲಿ ನನ್ನ ಸರದಿ ಬಂತು. ಮೊಬೈಲಿನಲ್ಲಿ ನೆಟ್‌ವರ್ಕ್ ಇರಲಿಲ್ಲ. ನಾನೂ ಐನೂರರ ನೋಟನ್ನೇ ಚಾಚಿ, ಆ ಹುಡುಗನಂತೆಯೇ ಮುಗುಳ್ನಕ್ಕೆ.

‘ಚಿಲ್ಲರೆ ಕೊಡಿ ಸ್ವಾಮಿ,’ ಎಂದರು ಯಜಮಾನರು, ‘ನೀವು ಊರಿನವರು.’