ಜ್ವರಕ್ಕೆ ಕೂತ ಗೆರೆ

ನಮ್ಮ ಟೀಮಿನ ಕೆಲಸ ಎಲ್ಲಿಗೆ ಬಂತೆಂದು ತೋರಿಸುವ ಚಾರ್ಟೊಂದಿದೆ. ಹೆಸರು ಕ್ಯುಮ್ಯುಲೇಟಿವ್ ಫ್ಲೋ ಡಯಾಗ್ರಾಂ. ಹೆಸರಿಗೇ ಅರ್ಧ ಜನ ಹೆದರುತ್ತಾರೆ. ಇರುವುದು ಮೂರು ಬಣ್ಣದ ಪಟ್ಟಿ: ಅಡಿಯಲ್ಲಿ ಮುಗಿದ ಕೆಲಸದ ಹಸಿರು, ಮೇಲೆ ಟೆಸ್ಟಿಂಗಿನ ಹಳದಿ, ಅದರ ಮೇಲೆ ನಡೆಯುತ್ತಿರುವುದರ ನೀಲಿ. ದಿನ ಕಳೆದಂತೆ ಹಸಿರು ಏರುತ್ತಿರಬೇಕು.

ಶಿಡ್ಲಘಟ್ಟದ ಹತ್ತಿರದ ನಮ್ಮೂರಲ್ಲಿ, ರೇಷ್ಮೆ ಹುಳು ಸಾಕುವ ಮನೆಯ ಪಕ್ಕದ ಕೋಣೆಯಲ್ಲಿ ಕೂತು ನಾನು ಬೆಂಗಳೂರಿನ ಕೆಲಸ ಮಾಡುತ್ತೇನೆ. ಹುಳು ಸೊಪ್ಪು ಮೇಯುವ ಸದ್ದು ಕೇಳಿ, ಮೀಟಿಂಗಿನಲ್ಲಿ ಒಬ್ಬರು "ನಿಮ್ಕಡೆ ಮಳೆನಾ?" ಅಂದಿದ್ದರು. ನಮ್ಮ ಸೀಮೆಗೆ ಅಷ್ಟು ಅದೃಷ್ಟವೆಲ್ಲಿ!

ಹೋದ ವಾರ ಹಸಿರು ಗೆರೆ ಮೂರು ದಿನ ಅಲ್ಲಾಡದೆ ಮಲಗಿತು. "ಯಾರೂ ಕೆಲಸ ಮಾಡ್ತಿಲ್ವಾ?" ಎಂದು ಮೇಲಿನವರ ಗದರಿಕೆ. ಸೊಪ್ಪಿನ ಕುಕ್ಕೆ ಹೊತ್ತು ಹೋಗುತ್ತಿದ್ದ ಅಮ್ಮ ಇಣುಕಿ, "ಜ್ವರಕ್ಕೆ ಕೂತೈತೇನೋ ಬಿಡೋ" ಅಂದಳು.

ರೇಷ್ಮೆ ಹುಳು ಗೂಡು ಕಟ್ಟುವುದರೊಳಗೆ ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ಮೇವು ಬಿಟ್ಟು, ತಲೆ ಎತ್ತಿ, ಸುಮಾರು ಒಂದು ದಿನ ಕಲ್ಲಿನ ಹಾಗೆ. ಗೊತ್ತಿಲ್ಲದವರು ನೋಡಿದರೆ ಸತ್ತೇ ಹೋಯಿತು ಅನ್ನಬೇಕು. ಒಳಗೆ ಪೊರೆ ಬಿಡುವ ಕೆಲಸ ನಡೆದಿರುತ್ತದೆ. ಆಗ ಸೊಪ್ಪು ಸುರಿದರೆ ಹಾಸಿಗೆ ತೇವವಾಗಿ ರೋಗ ಬರುತ್ತದೆ. ಅಮ್ಮ ಸೊಪ್ಪಿನ ಬದಲು ಸುಣ್ಣದ ಪುಡಿ ಉದುರಿಸಿ ಸುಮ್ಮನಾಗುತ್ತಾಳೆ. ನಮ್ಮ ಮೇಲಿನವರು ಆ ಮೂರು ದಿನದಲ್ಲಿ ಒಂಬತ್ತು ಹೊಸ ಕೆಲಸ ಸುರಿದಿದ್ದರು.

ಅಮ್ಮನ ಮಾತು ಎಷ್ಟೇ ಚೆಂದವಿದ್ದರೂ ನಮ್ಮದು ಜ್ವರವಾಗಿರಲಿಲ್ಲ. ಹಸಿರಿನ ಮೇಲಿನ ಹಳದಿ ಪಟ್ಟಿ ಬಸುರಿ ಹೊಟ್ಟೆಯಂತೆ ಉಬ್ಬಿತ್ತು. ಪಟ್ಟಿ ಎಲ್ಲಿ ಉಬ್ಬಿದೆಯೋ ಅಲ್ಲಿ ಕೆಲಸ ಸಿಕ್ಕಿಕೊಂಡಿದೆ ಎಂದು ಲೆಕ್ಕ. ಇದ್ದೊಬ್ಬ ಟೆಸ್ಟರ್ ತಂಗಿ ಮದುವೆಗೆ ಹೋಗಿದ್ದ!

ಜಾನ್ ಲಿಟಲ್ ಎಂಬಾತ 1961ರಲ್ಲಿ ಸಾಧಿಸಿ ತೋರಿಸಿದ ಲೆಕ್ಕವೊಂದಿದೆ. ಕೈಯಲ್ಲಿ 30 ಕೆಲಸ, ದಿನಕ್ಕೆ 3 ಮುಗಿಯುತ್ತವೆ ಅಂದರೆ ಒಂದೊಂದಕ್ಕೂ ಸರಾಸರಿ 10 ದಿನ. ಬೇಗ ಮುಗಿಯಬೇಕಾ, ಕೈಗೆತ್ತಿಕೊಳ್ಳುವುದನ್ನು ಕಡಿಮೆ ಮಾಡು. ಇದನ್ನು ಅಮ್ಮನಿಗೆ ಹೇಳಿದೆ. "ಸೊಪ್ಪು ಇರೋಷ್ಟೇ ಹುಳದ ಮೊಟ್ಟೆ ತರ್ಬೇಕು. ಅದ್ಕೆ ಇಷ್ಟು ಓದ್ಬೇಕಾ?" ಅಂದಳು.

ಅದನ್ನೇ ಮೀಟಿಂಗಿನಲ್ಲಿ ಹೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಗೋಡೆಯಾಚೆಯಿಂದ ಕೂಗು: "ನಾಲ್ಕನೇ ಜ್ವರ ಎದ್ದೈತೆ, ಬಾರೋ!" ಹುಳು ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ಮುಕ್ಕಾಲಿಗೂ ಹೆಚ್ಚು ಇನ್ನು ಮುಂದಿನ ಒಂದು ವಾರದ್ದು. ಮೈಕ್ ಮ್ಯೂಟ್ ಮಾಡಿ ಕುಡುಗೋಲು ಹುಡುಕಿದೆ.