ಫೀಲ್ ಆಗ್ತಿದೆ!

ಕಂಪ್ಯೂಟರ್ ಜೋರಾಗಿ ಓಡಲಿ ಅಂತ ಊರೆಲ್ಲ ಒದ್ದಾಡುತ್ತದೆ. ನನಗೆ ಸಿಕ್ಕ ಕೆಲಸ ಮಾತ್ರ ಉಲ್ಟಾ. ನಿಧಾನ ಮಾಡಬೇಕಿತ್ತು. ಅದೂ ಪೂರ್ತಿ ಕಂಪ್ಯೂಟರನ್ನಲ್ಲ, ಅದರ ಅರ್ಧ ಮೆಮೊರಿಯನ್ನು ಮಾತ್ರ. ಅದೂ ಮುಟ್ಟಿದರೆ ಕೈಗೆ ಸಿಗುವ ಕಂಪ್ಯೂಟರ್ ಅಲ್ಲ, ಇನ್ನೊಂದು ಕಂಪ್ಯೂಟರಿನ ಹೊಟ್ಟೆಯೊಳಗೆ ಓಡುವ ವರ್ಚುವಲ್ ಮಷೀನು. ಇಲ್ಲದ ಯಂತ್ರದ ಇಲ್ಲದ ಮೆಮೊರಿಗೆ ಇಲ್ಲದ ಸೋಮಾರಿತನ ಕಲಿಸುವ ಕೆಲಸ. ಸಂಬಳ ಮಾತ್ರ ಇದೆ, ಸದ್ಯ.

ಕಾರಣ ಇಲ್ಲದೆ ಯಾರೂ ಹೀಗೆ ಮಾಡಲ್ಲ ಬಿಡಿ. ಈಗಿನ ದೊಡ್ಡ ಸರ್ವರ್‌ಗಳಲ್ಲಿ ಎರಡು ಥರದ ಮೆಮೊರಿ ಇರಬಹುದು. ಪ್ರೊಸೆಸರ್ ಪಕ್ಕದಲ್ಲೇ ಕೂತಿರುವ ಚುರುಕು ಮೆಮೊರಿ ಒಂದು. ಸಿಎಕ್ಸ್‌ಎಲ್ (ಪ್ರೊಸೆಸರ್‌ಗೆ ಹೆಚ್ಚುವರಿ ಮೆಮೊರಿ ಜೋಡಿಸುವ ಒಂದು ವ್ಯವಸ್ಥೆ) ಕಾರ್ಡಿನ ಮೇಲೆ ಸ್ವಲ್ಪ ದೂರದಲ್ಲಿರುವ ನಿಧಾನದ ಮೆಮೊರಿ ಇನ್ನೊಂದು. ಪದೇ ಪದೇ ಬೇಕಾಗುವ ಡೇಟಾವನ್ನು ಹತ್ತಿರ ಇಟ್ಟುಕೊಂಡು, ಯಾರೂ ಕೇಳದ್ದನ್ನು ದೂರಕ್ಕೆ ತಳ್ಳುವುದು ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಲಿನಕ್ಸ್ ಕರ್ನಲ್‌ನ ಕೆಲಸ. ಅದು ಸರಿಯಾಗಿ ತಳ್ಳುತ್ತದೋ ಇಲ್ಲವೋ ಅಂತ ನಾವು ನೋಡಬೇಕಿತ್ತು. ನಮ್ಮಲ್ಲಿ ಆ ಕಾರ್ಡ್ ಇಲ್ಲ.

"ವರ್ಚುವಲ್ ಮಷೀನ್‌ನಲ್ಲಿ ಮಾಡ್ಬಿಡಿ. ಎರಡು ನಂಬರ್ ಹಾಕೋದು ಅಷ್ಟೇ" ಅಂದರು ನಮ್ಮ ಟೀಮ್ ಲೀಡರ್. ಎರಡು ನಂಬರ್ ಅಷ್ಟೇ ಅನ್ನುವವರು ಆ ನಂಬರನ್ನು ಯಾವತ್ತೂ ತಾವೇ ಹಾಕಿರುವುದಿಲ್ಲ.

ನಂಬರ್ ಇರುವುದು ಎರಡೇ, ನಿಜ. ಕೇಳಿದ ಮೇಲೆ ಮೊದಲ ತುಣುಕು ಕೈಗೆ ಬರಲು ಎಷ್ಟು ಹೊತ್ತು ಅನ್ನುವುದು ಲೇಟೆನ್ಸಿ. ಬರಲು ಶುರುವಾದ ಮೇಲೆ ಸೆಕೆಂಡಿಗೆ ಎಷ್ಟು ಸುರಿಯುತ್ತದೆ ಅನ್ನುವುದು ಬ್ಯಾಂಡ್‌ವಿಡ್ತ್. ಇವೆರಡನ್ನೂ ಬರೆದಿಡಲು ಒಂದು ಪಟ್ಟಿ ಇದೆ, ಹೆಸರು ಎಚ್‌ಮ್ಯಾಟ್. ಯಂತ್ರ ಮತ್ತು ಆಪರೇಟಿಂಗ್ ಸಿಸ್ಟಮ್ ಮಾತಾಡಿಕೊಳ್ಳುವ ನಿಯಮಾವಳಿಗೆ ಎಸಿಪಿಐ ಅಂತಾರೆ, 2017ರಲ್ಲಿ ಅದರ 6.2 ಆವೃತ್ತಿ ಬಂದಾಗ ಸೇರಿದ್ದು. ಯಂತ್ರ ಬೂಟ್ ಆಗುವಾಗ ಅದನ್ನು ಎಬ್ಬಿಸುವ ಒಳಗಿನ ಪ್ರೋಗ್ರಾಮ್, ಅಂದರೆ ಫರ್ಮ್‌ವೇರ್, ಈ ಪಟ್ಟಿಯನ್ನು ಆಪರೇಟಿಂಗ್ ಸಿಸ್ಟಮ್‌ಗೆ ಕೊಡುತ್ತದೆ. ವರ್ಚುವಲ್ ಮಷೀನ್ ಓಡಿಸುವ ಪ್ರೋಗ್ರಾಮಿನ ಹೆಸರು ಕ್ಯೂಎಮು; 2020ರ ಅದರ 5.0 ಆವೃತ್ತಿಯಿಂದ ವರ್ಚುವಲ್ ಮಷೀನ್‌ಗೂ ಇಂಥ ಪಟ್ಟಿ ಬರೆದು ಕೊಡಬಹುದು. ಬರೆಯುವುದು ಎಲ್ಲಿ? ಕಮ್ಯಾಂಡ್ ಲೈನ್‌ನಲ್ಲಿ. ಒಂದೇ ಸಾಲು. ಆ ಸಾಲು ಎಷ್ಟು ಉದ್ದ ಅಂದರೆ ಅದರ ಕೊನೆ ಮುಟ್ಟುವ ಹೊತ್ತಿಗೆ ಶುರುವಿನಲ್ಲಿ ಏನು ಬರೆದಿದ್ದೆ ಅನ್ನುವುದು ಮರೆತಿರುತ್ತದೆ.

ಎಂಟರ್ ಒತ್ತಿದೆ. ಎಚ್‌ಮ್ಯಾಟ್ ಆಫ್ ಆಗಿದೆ, ಮೊದಲು ಅದನ್ನು ಆನ್ ಮಾಡಿ ಅಂತು ಕ್ಯೂಎಮು. ಆನ್ ಮಾಡಿದೆ. ಬ್ಯಾಂಡ್‌ವಿಡ್ತ್ ಸರಿಯಾಗಿ ಒಂದು ಎಂಬಿಯ ಲೆಕ್ಕದಲ್ಲಿರಬೇಕು ಅಂತು. ನಾನು ಹಾಕಿದ್ದು 12800000000. ಒಂದು ಡಿಡಿಆರ್3-1600 ಮೆಮೊರಿ ಚಾನೆಲ್‌ಗೆ ಸೆಕೆಂಡಿಗೆ 12.8 ಜಿಬಿ ಅಂತ ಎಲ್ಲ ಕಡೆ ಬರೆದಿರುತ್ತದಲ್ಲ, ಅದೇ. ಮೆಮೊರಿ ಮಾಡುವವರು ಈ ವೇಗವನ್ನು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ಈ ಪ್ರೋಗ್ರಾಮು 1024ರ ಲೆಕ್ಕದಲ್ಲಿ ಎಣಿಸುತ್ತದೆ. ಭಾಗಿಸಿದರೆ 12207 ಬಂದು ಬಾಲದಲ್ಲಿ ಚೂರು ಉಳಿಯುತ್ತದೆ. ಆ ಚೂರು ಅದಕ್ಕೆ ಆಗಿಬರಲಿಲ್ಲ. ಬಾಲ ಕತ್ತರಿಸಿ 12207 ಎಂಬಿ ಅಂತ ಕೊಟ್ಟೆ. ಈಗ ಎರಡನೇ ನೋಡ್‌ಗೆ, ಅಂದರೆ ದೂರದ ಮೆಮೊರಿ ಇರುವ ಭಾಗಕ್ಕೆ, ಇನಿಷಿಯೇಟರ್ ಯಾರು ಅಂತ ಹೇಳಿಲ್ಲ ಅಂತು. ಆ ನೋಡ್‌ನಲ್ಲಿ ಪ್ರೊಸೆಸರ್ ಇಲ್ಲ, ಬರೀ ಮೆಮೊರಿ. ಹಾಗಾಗಿ ಅದರ ಪರವಾಗಿ ಜವಾಬ್ದಾರಿ ಹೊರುವ ಪ್ರೊಸೆಸರ್ ನೋಡ್ ಯಾವುದು ಅಂತ ಬರೆದುಕೊಡಬೇಕಂತೆ. ಕೌಂಟರಿನ ಹಿಂದೆ ಕೂತ ಗುಮಾಸ್ತ ಪ್ರತಿ ಸಲವೂ ಇನ್ನೊಂದು ಕಾಗದ ಕೇಳಿ ವಾಪಸ್ ಕಳಿಸುತ್ತಾನಲ್ಲ, ಪಕ್ಕಾ ಅದೇ. ಎಲ್ಲ ಕಾಗದದ ಪಟ್ಟಿಯನ್ನೂ ಮೊದಲೇ ಕೊಟ್ಟುಬಿಟ್ಟರೆ ಅವನ ಗತ್ತಿಗೆ ಏನು ಬೆಲೆ?

ಲೇಟೆನ್ಸಿ ಸೊನ್ನೆ ಅಂತ ಕೊಟ್ಟರೆ ಇನ್ನೂ ಮಜಾ. ಯಾವ ಮೆಮೊರಿಗೂ ಇಲ್ಲದ ಅದ್ಭುತ ವೇಗ ಅಂತ ನಾವು ಅಂದುಕೊಳ್ಳಬೇಕು. ಕ್ಯೂಎಮು ಭಾಷೆಯಲ್ಲಿ ಸೊನ್ನೆ ಅಂದರೆ "ಈ ಮಾಹಿತಿ ಕೊಟ್ಟಿಲ್ಲ" ಅಂತ.

ಕೊನೆಗೂ ಮಷೀನ್ ಬೂಟ್ ಆಯಿತು. ಹತ್ತಿರದ ಮೆಮೊರಿಗೆ 100 ನ್ಯಾನೊಸೆಕೆಂಡ್, ದೂರದ್ದಕ್ಕೆ 400 ಅಂತ ಬರೆದಿದ್ದೆ. ಒಳಗೆ ಹೋಗಿ ಸಿಸ್‌ಎಫ್‌ಎಸ್‌ನಲ್ಲಿ (ಕರ್ನಲ್ ತನಗೆ ಗೊತ್ತಿರುವುದನ್ನು ಫೈಲುಗಳಾಗಿ ತೋರಿಸುವ ಜಾಗ) ನೋಡಿದರೆ ರೀಡ್ ಲೇಟೆನ್ಸಿ ಫೈಲಿನಲ್ಲಿ 400 ಅಂತ ಚೊಕ್ಕವಾಗಿ ಬಂದಿತ್ತು. ಲೀಡರನ್ನು ಕರೆದು ತೋರಿಸಿದೆ.

ಅವರು ಕುರ್ಚಿ ಎಳೆದುಕೊಂಡು ಕೂತರು. ಟರ್ಮಿನಲ್‌ನಲ್ಲಿ ಎಲ್ಎಸ್ ಅಂತ ಟೈಪ್ ಮಾಡಿದರು. ಫೈಲುಗಳ ಪಟ್ಟಿ ಬಂತು. ಇನ್ನೊಮ್ಮೆ ಟೈಪ್ ಮಾಡಿದರು. ಮತ್ತೆ ಅದೇ ಪಟ್ಟಿ ಬಂತು. ಕಣ್ಣು ಸಣ್ಣ ಮಾಡಿ ಪರದೆ ನೋಡಿದರು. ಆಮೇಲೆ ನಿಧಾನಕ್ಕೆ ತಲೆಯಾಡಿಸಿ ಅಂದರು: "ಹೂಂ. ಫೀಲ್ ಆಗ್ತಿದೆ."

"ಏನು ಸರ್?"

"ಲ್ಯಾಗು. ಸ್ವಲ್ಪ ಭಾರ ಆಗಿದೆ ನೋಡಿ. ಅಭ್ಯಾಸ ಇದ್ದವರಿಗೆ ಗೊತ್ತಾಗುತ್ತೆ."

ನಮ್ಮ ಲೀಡರ್‌ಗೆ ಎಲ್ಲವೂ ಫೀಲ್ ಆಗುತ್ತದೆ. ಕರ್ನಲ್ ವರ್ಷನ್ ಬದಲಾದರೆ ಫೀಲ್ ಆಗುತ್ತದೆ. ಕಾನ್ಫಿಗ್ ಫೈಲಿನಲ್ಲಿ ಒಂದು ಕಾಮೆಂಟ್ ತೆಗೆದುಹಾಕಿದ್ದೂ ಒಮ್ಮೆ ಫೀಲ್ ಆಗಿತ್ತು, "ಈಗ ಲೈಟ್ ಆಗಿದೆ ಅಲ್ವಾ" ಅಂದಿದ್ದರು. ಡೇಟಾಬೇಸ್ ಸರ್ವರ್ ಕೋಣೆಯ ಈ ಮೂಲೆಯಿಂದ ಆ ಮೂಲೆಗೆ ಹೋದಾಗಲೂ ಫೀಲ್ ಆಗಿತ್ತು. ಅಳೆದು ನೋಡೋಣ ಸರ್ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ. ಅಳತೆ ಬೇಕಾಗುವುದು ಫೀಲ್ ಆಗದವರಿಗೆ.

ಒಂದು ನ್ಯಾನೊಸೆಕೆಂಡ್ ಅಂದರೆ ಬೆಳಕು ಸುಮಾರು 30 ಸೆಂಟಿಮೀಟರ್ ಓಡುವಷ್ಟು ಹೊತ್ತು. ಕಂಪ್ಯೂಟರ್ ವಿಜ್ಞಾನಿ ಗ್ರೇಸ್ ಹಾಪರ್ ಅಷ್ಟುದ್ದದ ತಂತಿ ತುಂಡುಗಳನ್ನು ಭಾಷಣಕ್ಕೆ ತಂದು, ಇದೇ ಒಂದು ನ್ಯಾನೊಸೆಕೆಂಡ್ ಅಂತ ಕೇಳುಗರಿಗೆ ಹಂಚುತ್ತಿದ್ದರು. ಆಕೆ ಪಾಪ ತಂತಿ ಕತ್ತರಿಸಬೇಕಾಯಿತು. ನಮ್ಮವರಿಗೆ ತಂತಿ ಬೇಡ. ಮನುಷ್ಯ ಒಮ್ಮೆ ಕಣ್ಣು ಮಿಟುಕಿಸುವಷ್ಟರಲ್ಲಿ ಹತ್ತು ಕೋಟಿಗೂ ಜಾಸ್ತಿ ನ್ಯಾನೊಸೆಕೆಂಡ್ ಕಳೆದುಹೋಗುತ್ತವೆ. ಇವರು ಅದರಲ್ಲಿ ಮುನ್ನೂರನ್ನು ಹೆಕ್ಕಿ ತೆಗೆದು, ಭಾರ ಇದೆ ಅನ್ನುತ್ತಾರೆ.

ಅವರು ಎದ್ದು ಹೋದ ಮೇಲೆ ವೇಗ ಅಳೆಯುವ ಬೆಂಚ್‌ಮಾರ್ಕ್ ಓಡಿಸಿದೆ. ಎರಡೂ ನೋಡ್‌ಗಳಲ್ಲಿ ಒಂದೇ ವೇಗ. ದೂರದ ಮೆಮೊರಿಗೆ 400 ಬದಲು 4000 ಕೊಟ್ಟು ಓಡಿಸಿದೆ. ಅದೇ ವೇಗ. ಬ್ಯಾಂಡ್‌ವಿಡ್ತನ್ನು ಹತ್ತು ಎಂಬಿಗೆ ಇಳಿಸಿದೆ. ಅದು ಕ್ಯಾರೇ ಅನ್ನಲಿಲ್ಲ, ಜಿಬಿಗಟ್ಟಲೆ ಸುರಿಯುತ್ತಲೇ ಇತ್ತು.

ಯಾಕೆಂದರೆ ಆ ಪಟ್ಟಿ ಬರೀ ಪಟ್ಟಿ. ವರ್ಚುವಲ್ ಮಷೀನ್‌ನ ಮೆಮೊರಿ ಅನ್ನುವುದು ಹೊರಗಿನ ಯಂತ್ರದ ಮೆಮೊರಿಯದೇ ಒಂದು ತುಂಡು. ಕೆವಿಎಂ (ವರ್ಚುವಲ್ ಮಷೀನನ್ನು ನೇರವಾಗಿ ಪ್ರೊಸೆಸರ್ ಮೇಲೆ ಓಡಿಸುವ ಕರ್ನಲ್‌ನ ಭಾಗ) ಇದ್ದರೆ ಒಳಗಿನ ಪ್ರೋಗ್ರಾಮ್ ಮೆಮೊರಿ ಓದುವಾಗ ಪ್ರೊಸೆಸರ್ ನೇರವಾಗಿ ಹೋಗಿ ಓದುತ್ತದೆ. ನಡುವೆ ಕ್ಯೂಎಮು ಇರುವುದೇ ಇಲ್ಲ, ತಡೆದು ನಿಲ್ಲಿಸುವುದೆಲ್ಲಿಂದ ಬಂತು? ಕೆವಿಎಂ ಇಲ್ಲದೆ ಓಡಿಸಿದರೆ ಒಟ್ಟಾರೆ ನಿಧಾನ ಆಗುತ್ತದೆ, ಆದರೂ ನಾವು ಬರೆದ ನಂಬರಿಗೂ ಅದಕ್ಕೂ ಸಂಬಂಧ ಇಲ್ಲ. ಒಳಗಿನ ಕರ್ನಲ್ ಬೂಟ್ ಆಗುವಾಗ ಪಟ್ಟಿ ಓದುತ್ತದೆ, ಓಹೋ ಇದು ನಿಧಾನದ್ದು ಅಂತ ನಂಬುತ್ತದೆ, ಆ ನಂಬಿಕೆಯ ಮೇಲೆ ಸಂಸಾರ ನಡೆಸುತ್ತದೆ. ಅಳೆದು ನೋಡುವ ಗೋಜಿಗೆ ಹೋಗುವುದಿಲ್ಲ. ಕರ್ನಲ್ ನಂಬರನ್ನು ಓದಿಕೊಳ್ಳುತ್ತದೋ ಇಲ್ಲವೋ ಅಂತ ಪರೀಕ್ಷಿಸಲು ಇಷ್ಟು ಸಾಕು, ಒಪ್ಪುತ್ತೇನೆ. ನನ್ನ ಹೊಟ್ಟೆ ಉರಿಯುವುದು ಬೇರೆ ಕಾರಣಕ್ಕೆ. ಹತ್ತು ಎಂಬಿ ಅನ್ನುವ ಶುದ್ಧ ಸುಳ್ಳನ್ನು ಕ್ಯೂಎಮು ಕಣ್ಣುಮುಚ್ಚಿ ತೆಗೆದುಕೊಂಡಿತು. ನಿಜವಾದ ಮೆಮೊರಿಯ ನಿಜವಾದ ನಂಬರನ್ನು ಮಾತ್ರ ಬಾಲ ಇದೆ ಅಂತ ಬಿಸಾಕಿತ್ತು. ಸುಳ್ಳು ಎಷ್ಟಾದರೂ ಹೇಳು, ಫಾರಂ ಮಾತ್ರ ಸರಿಯಾಗಿ ತುಂಬು.

ಇದನ್ನೆಲ್ಲ ಲೀಡರ್‌ಗೆ ವಿವರಿಸಿದೆ. "ಬೆಂಚ್‌ಮಾರ್ಕ್‌ನಲ್ಲಿ ಏನೋ ಎಡವಟ್ಟಿದೆ, ಚೆಕ್ ಮಾಡಿ" ಅಂದರು.

ಆ ರಾತ್ರಿ ಸುಮ್ನೆ ಕೂತಿದ್ದಾಗ ಹಳೆಯ ಕಂಪ್ಯೂಟರ್‌ಗಳು ನೆನಪಾದವು. ಡಬ್ಬದ ಮುಂದೆ ಟರ್ಬೊ ಅನ್ನುವ ಗುಂಡಿ ಇರುತ್ತಿತ್ತು. ಹೆಸರು ಟರ್ಬೊ, ಉಪಯೋಗ ನಿಧಾನ ಮಾಡುವುದು. ಹಳೆಯ ಆಟಗಳು ಪ್ರೊಸೆಸರ್ ವೇಗವನ್ನೇ ಗಡಿಯಾರ ಮಾಡಿಕೊಂಡಿದ್ದವು. ಹೊಸ ಯಂತ್ರದಲ್ಲಿ ಅವು ಹುಚ್ಚೆದ್ದು ಓಡುತ್ತಿದ್ದವು, ಗುಂಡಿ ಒತ್ತಿ ಟರ್ಬೊ ತೆಗೆದರೆ ದಾರಿಗೆ ಬರುತ್ತಿದ್ದವು. ಒಂದೇ ಗುಂಡಿ. ಕಾಮಾ ಇಲ್ಲ, ಇನಿಷಿಯೇಟರ್ ಇಲ್ಲ. ಒತ್ತಿದ ಕ್ಷಣ ಪರದೆಯ ಮೇಲಿನ ವಿಮಾನ ನಿಜಕ್ಕೂ ನಿಧಾನ ಆಗುತ್ತಿತ್ತು, ನಾವು ನಿಜಕ್ಕೂ ಗೆಲ್ಲುತ್ತಿದ್ದೆವು. ಪಕ್ಕದಲ್ಲಿ ಪುಟ್ಟ ಕೆಂಪು ಅಂಕಿಗಳು 66ರಿಂದ 33ಕ್ಕೆ ಇಳಿಯುತ್ತಿದ್ದವು. ಆ ಅಂಕಿ ನೋಡುವುದೇ ಒಂದು ಖುಷಿ. ಬಹಳ ವರ್ಷದ ಮೇಲೆ ಗೊತ್ತಾಯಿತು, ಆ ಅಂಕಿಗಳೂ ಏನನ್ನೂ ಅಳೆಯುತ್ತಿರಲಿಲ್ಲ. ಡಬ್ಬ ಜೋಡಿಸಿದವನು ಒಳಗೆ ಜಂಪರ್ (ಪಿನ್ನುಗಳನ್ನು ಜೋಡಿಸುವ ಪುಟ್ಟ ತುಂಡು) ಹಾಕಿ ಯಾವ ಅಂಕಿ ಕಾಣಬೇಕು ಅಂತ ಇಟ್ಟಿರುತ್ತಾನೋ ಅದೇ ಕಾಣುತ್ತಿತ್ತು. ಗೊತ್ತಾಗದೇ ಇದ್ದಿದ್ದರೆ ಚೆನ್ನಾಗಿತ್ತು ಅಂತ ಈಗಲೂ ಅನ್ನಿಸುತ್ತದೆ.

ನಿಜವಾಗಿ ಲೇಟೆನ್ಸಿ ಲೆಕ್ಕ ಹಾಕುವ ಸಿಮ್ಯುಲೇಟರ್‌ಗಳೂ ಇವೆ. ಜೆಮ್‌5 ಅಂತ ಒಂದಿದೆ. ಮೆಮೊರಿಯ ಒಂದೊಂದು ಹೆಜ್ಜೆಯನ್ನೂ ಎಣಿಸಬಲ್ಲದು, ಅದಕ್ಕೇ ಗಂಟೆಗಟ್ಟಲೆ ತೆಗೆದುಕೊಳ್ಳುತ್ತದೆ. ಅದನ್ನು ಬಳಸೋಣವಾ ಸರ್ ಅಂತ ಕೇಳಿದೆ. "ಬೇಡಪ್ಪ, ಅದು ತುಂಬಾ ನಿಧಾನ" ಅಂದರು. ನಿಧಾನ ಬೇಕು ಅಂತ ಕೇಳಿದವರೂ ಇವರೇ ಅನ್ನುವುದನ್ನು ಅವರಿಗೆ ನೆನಪಿಸುವ ಧೈರ್ಯ ನನಗೆ ಇರಲಿಲ್ಲ.

ಕೊನೆಗೆ ಎರಡು ಪ್ರೊಸೆಸರ್ ಇರುವ ಸರ್ವರ್ ಒಂದನ್ನು ಬೇಡಿ ಪಡೆದೆ. ವರ್ಚುವಲ್ ಮಷೀನ್‌ನ ಪ್ರೊಸೆಸರ್‌ಗಳನ್ನೆಲ್ಲ ಮೊದಲ ಸಾಕೆಟ್‌ಗೆ, ಅಂದರೆ ಸರ್ವರ್‌ನ ಮೊದಲ ಪ್ರೊಸೆಸರ್ ಕೂರುವ ಜಾಗಕ್ಕೆ, ಕಟ್ಟಿಹಾಕಿದೆ. ನಿಧಾನ ಆಗಬೇಕಾದ ಮೆಮೊರಿಯನ್ನು ಎರಡನೇ ಸಾಕೆಟ್‌ನ ಬದಿಗೆ ಬೈಂಡ್ ಮಾಡಿದೆ. ಈಗ ಪ್ರತಿ ಸಲ ಓದಲು ಆಚೆ ಬದಿಗೆ ಹೋಗಿಬರಲೇಬೇಕು. ಹೀಗೆ ಮಾಡಿದರೆ ಬೇಕಾದಷ್ಟೇ ನಿಧಾನ ಆಗುವುದಿಲ್ಲ, ಆ ಸರ್ವರ್ ಎಷ್ಟು ಕೊಡುತ್ತದೋ ಅಷ್ಟೇ. ಆದರೆ ಬೆಂಚ್‌ಮಾರ್ಕ್‌ನಲ್ಲಿ ವ್ಯತ್ಯಾಸ ಕಣ್ಣಿಗೆ ರಾಚಿತು. ಇಷ್ಟು ದಿನಗಳ ಮೇಲೆ ಮೊದಲ ಸಲ ಏನೋ ಒಂದು ನಿಜವಾಗಿ ನಿಧಾನ ಆಗಿತ್ತು. ಖುಷಿಯಲ್ಲಿ ಎಚ್‌ಮ್ಯಾಟ್ ಪಟ್ಟಿಗೆ ಗಮನ ಕೊಡಲಿಲ್ಲ. ಎರಡೂ ನೋಡ್‌ಗೆ 100 ಅಂತಲೇ ಇತ್ತು.

ಲೀಡರ್ ಬಂದರು. ಕುರ್ಚಿ ಎಳೆದುಕೊಂಡರು. ರೀಡ್ ಲೇಟೆನ್ಸಿ ಫೈಲ್ ತೆರೆದು ನೋಡಿದರು. ಎಲ್ಎಸ್ ಹೊಡೆದರು. ಮತ್ತೊಮ್ಮೆ ಹೊಡೆದರು.

"ಏನೂ ಬದಲಾಗಿಲ್ಲವಲ್ರೀ" ಅಂದರು.

ಬೆಂಚ್‌ಮಾರ್ಕ್ ಗ್ರಾಫ್ ತೋರಿಸಿದೆ. ಅದರ ಕಡೆ ನೋಡಿ, ಮತ್ತೆ ಪರದೆಯ 100ರ ಕಡೆ ನೋಡಿ, ಇಲ್ಲ ಅಂತ ತಲೆಯಾಡಿಸಿದರು. "ಫಾಸ್ಟಾಗೇ ಇದೆ."

"ಒಂದೇ ನಿಮಿಷ ಸರ್" ಅಂದೆ. ಮಷೀನ್ ಮುಚ್ಚಿ, ದೂರದ ನೋಡ್‌ನ 100 ಅಳಿಸಿ 900 ಅಂತ ಬರೆದು, ಮತ್ತೆ ಬೂಟ್ ಮಾಡಿದೆ. ಅವರು ಫೈಲ್ ತೆರೆದರು. 900 ಬಂತು. ಎಲ್ಎಸ್ ಅಂತ ಹೊಡೆದರು.

"ಈಗ ನೋಡಿ" ಅಂತ ಕುರ್ಚಿಗೆ ಒರಗಿದರು. "ಸ್ವಲ್ಪ ಜಾಸ್ತಿನೇ ಆಯ್ತು. 700 ಮಾಡಿ."